ಕಾಣದ ರೋಗಿಯ ಕಡತ

ದಾವಣಗೆರೆಯ ಸಂಸಾರವೊಂದರಲ್ಲಿ ಮಗನೋ ಮಗಳೋ ‘ಮೆಡಿಕಲ್ ಲೈನಿ’ನಲ್ಲಿ ಇದ್ದಾರೆಂದು ಹೇಳಿದೊಡನೆ ಕೇಳುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಕಾಲದಿಂದ ಸ್ಥಿರವಾಗಿ ನಿಂತಿದೆ: ವೈದ್ಯ, ದಾದಿ, ಔಷಧದಂಗಡಿ, ರಕ್ತಪರೀಕ್ಷೆಯ ಲ್ಯಾಬು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಪ್ರಾರಂಭವಾದಂದಿನಿಂದ, ಅದರ ಬೆನ್ನಿಗೆ ದಂತವೈದ್ಯ, ಔಷಧಶಾಸ್ತ್ರ, ಶುಶ್ರೂಷೆಗಳ ಕಾಲೇಜುಗಳೂ, 2006ರಲ್ಲಿ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಬಂದು ಸೇರಿಕೊಂಡು, ಈ ನಗರವು ಮನುಷ್ಯಶರೀರದ ಒಳಹೊರಗನ್ನು ಬಲ್ಲವರನ್ನು ವರ್ಷಂಪ್ರತಿ ಸಿದ್ಧಗೊಳಿಸುತ್ತ ಬಂದಿದೆ. ಸಿದ್ಧಗೊಳಿಸಿ, ಅವರಲ್ಲಿ ಅನೇಕರನ್ನು ಬೆಂಗಳೂರಿಗೂ ಪರದೇಶಗಳಿಗೂ ಕಳುಹಿಸಿಕೊಟ್ಟಿದೆ. ಊರಿನಲ್ಲಿಯೇ ಉಳಿಯಬೇಕೆಂಬವರಿಗೆ ಆಸ್ಪತ್ರೆಯ ಪಾಳಿ ಅಥವಾ ಅಂಗಡಿಯ ಕೌಂಟರು, ಇವೆರಡೇ ದಾರಿ ಎಂಬ ತಿಳುವಳಿಕೆ ಇನ್ನೂ ಬಲವಾಗಿದೆ.

ಈ ತಿಳುವಳಿಕೆಯ ಹೊರಗೆ ಇನ್ನೊಂದು ವೃತ್ತಿ ಸದ್ದಿಲ್ಲದೆ ಬೆಳೆದಿದೆ. ಕೆ.ಬಿ. ಬಡಾವಣೆಯಂಥ ವಸತಿಯಲ್ಲಿ, ಮಹಡಿಯ ಕೋಣೆಯ ಬಾಗಿಲನ್ನು ಹಾಕಿಕೊಂಡು ಎರಡು ಪರದೆಗಳ ಮುಂದೆ ಕುಳಿತ ಫಾರ್ಮಸಿ ಪದವೀಧರೆಯೊಬ್ಬಳು, ಅಮೆರಿಕದ ಯಾವುದೋ ಪಟ್ಟಣದ ಆಸ್ಪತ್ರೆಗೆ ಹೋಗಿಬಂದ, ತಾನು ಎಂದೂ ಕಾಣದ, ಮುಂದೆಯೂ ಕಾಣಲಾರದ ರೋಗಿಯ ಕಡತವನ್ನು ಆದ್ಯಂತವಾಗಿ ಓದಿ, ಅವನಿಗಿರುವ ರೋಗ ಯಾವುದು, ಅವನಿಗೆ ಮಾಡಿದ ಚಿಕಿತ್ಸೆ ಯಾವುದು ಎಂಬೆರಡನ್ನೂ ಅಕ್ಷರ ಮತ್ತು ಅಂಕಿಗಳ ಸಂಕೇತಗಳಲ್ಲಿ ನಿಶ್ಚಯಿಸಿ ದಾಖಲಿಸುತ್ತಾಳೆ ಎಂದು ಭಾವಿಸೋಣ. ಆ ಸಂಕೇತಗಳನ್ನು ನೋಡಿಯೇ ಅಲ್ಲಿಯ ವಿಮಾ ಸಂಸ್ಥೆ ಆಸ್ಪತ್ರೆಗೆ ಹಣ ಸಲ್ಲಿಸುತ್ತದೆ ಅಥವಾ ಸಲ್ಲಿಸಲು ನಿರಾಕರಿಸುತ್ತದೆ. ಇದು ಮೆಡಿಕಲ್ ಕೋಡಿಂಗ್. “ಮನ್ಯಾಗೇ ಇರ್ತೀಯಲ್ಲವ್ವ, ಕೆಲ್ಸ ಸಿಗ್ಲಿಲ್ವೇನು?” ಎಂದು ನೆರೆಮನೆಯ ಅಜ್ಜಿ ಮರುಕಪಟ್ಟು ಕೇಳಿದರೆ ಅವಳು ಏನು ತಾನೆ ಉತ್ತರ ಹೇಳಿಯಾಳು? ಮನೆಯಲ್ಲಿ ಕುಳಿತು ಮಾಡುವುದಾದ್ದರಿಂದ ಇದು ಸುಲಭವೆಂಬ ಭ್ರಾಂತಿ ಒಂದು. ಕಂಪ್ಯೂಟರಿನ ಮುಂದೆ ಮಾಡುವುದಾದ್ದರಿಂದ ಇದು ಟೈಪಿಂಗ್ ಎಂಬ ಭ್ರಾಂತಿ ಮತ್ತೊಂದು. ನನ್ನ ಅಭಿಪ್ರಾಯದಲ್ಲಿ ಇದು ಮೂಲತಃ ಓದುವ ಕೆಲಸ, ಅದೂ ವ್ಯಾಖ್ಯಾನಕಾರರು ಶಾಸ್ತ್ರಗ್ರಂಥವನ್ನು ಓದುತ್ತಿದ್ದ ರೀತಿಯ ಓದು.

ರೋಗಗಳಿಗೆ ಕ್ರಮಾಂಕ ಕೊಡುವ ಪದ್ಧತಿ ವಿಮೆಗಾಗಿ ಹುಟ್ಟಿದುದಲ್ಲ, ಮರಣದ ಲೆಕ್ಕಕ್ಕಾಗಿ ಹುಟ್ಟಿತು. ಲಂಡನ್ನಿನ ಪ್ಯಾರಿಷ್‌ಗಳು ವಾರವಾರವೂ ಪ್ರಕಟಿಸುತ್ತಿದ್ದ ಸಾವಿನ ಪಟ್ಟಿಗಳನ್ನು ಕಲೆಹಾಕಿ ಜಾನ್ ಗ್ರಾಂಟ್ ಎಂಬ ವರ್ತಕನು 1662ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫಾರ್ ಈ ವಿಚಾರವನ್ನು ಬೆಳೆಸಿದನು. 1893ರಲ್ಲಿ ಶಿಕಾಗೋ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಭೆಯ ಮುಂದೆ ಪ್ಯಾರಿಸ್ಸಿನ ಝಾಕ್ ಬರ್ಟಿಲಾನ್ ಮಂಡಿಸಿದ ಮರಣಕಾರಣಗಳ ವರ್ಗೀಕರಣವೇ ಇಂದು ಐಸಿಡಿ ಎಂದು ಪ್ರಸಿದ್ಧವಾಗಿರುವ ಪದ್ಧತಿಯ ಮೂಲ. 1948ರಲ್ಲಿ ಅದರ ಆರನೆಯ ಪರಿಷ್ಕರಣದೊಡನೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡಿತು. ಸತ್ತವರ ಪಟ್ಟಿಗೆ ಬದುಕಿರುವ ರೋಗಿಗಳೂ ಸೇರಿದರು. ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕೃತವಾಯಿತಾದರೂ, ಅಮೆರಿಕವು ಅದನ್ನು ತನ್ನ ಆಸ್ಪತ್ರೆಗಳಿಗೆ ತಕ್ಕಂತೆ ಹಿಗ್ಗಿಸಿಕೊಂಡು ಜಾರಿಗೆ ತಂದದ್ದು 2015ರ ಅಕ್ಟೋಬರ್ 1ರಂದು. ಹಿಂದಿನ ಪದ್ಧತಿಯಲ್ಲಿ ಸುಮಾರು 14,000 ಇದ್ದ ರೋಗಸಂಕೇತಗಳು ಆ ದಿನ 70,000ದ ಆಸುಪಾಸಿಗೆ ಏರಿದವು. ಚಿಕಿತ್ಸೆಯ ಸಂಕೇತಗಳದು ಬೇರೆ ಗ್ರಂಥ: ಅಮೆರಿಕದ ವೈದ್ಯಸಂಘವು 1966ರಲ್ಲಿ ಮೊದಲು ಪ್ರಕಟಿಸಿದ ಸಿಪಿಟಿ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ 1983ರಿಂದ ಒಳರೋಗಿಗಳ ಹಣವನ್ನು ಎಷ್ಟು ದಿನ ಮಲಗಿದ್ದರು ಎಂಬುದರ ಮೇಲಲ್ಲದೆ, ಯಾವ ರೋಗದ ಗುಂಪಿಗೆ ಸೇರಿದರು ಎಂಬುದರ ಮೇಲೆ ಕೊಡತೊಡಗಿದ ಮೇಲೆ, ಸಂಕೇತ ಬರೆಯುವವನ ಲೇಖನಿಗೆ ಹಣದ ಭಾರ ಬಂದಿತು.

ಈ ಓದಿನ ಸ್ವರೂಪವನ್ನು ಒಂದು ಕಲ್ಪಿತ ಕಡತದ ಮೂಲಕ ತೋರಿಸುವುದು ಉತ್ತಮ. ಅರವತ್ತೆಂಟು ವರ್ಷದ ಹೆಂಗಸು. ವೈದ್ಯರು ಬರೆದಿರುವುದು: ಎರಡನೆಯ ಬಗೆಯ ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ದೀರ್ಘಕಾಲಿಕ ರೋಗ ಹಂತ 3ಎ. ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದೆ. ಅನಭ್ಯಾಸಿಯು ಪಟ್ಟಿಯನ್ನು ತೆರೆದು, ಮಧುಮೇಹಕ್ಕೆ ಇ11.9, ರಕ್ತದೊತ್ತಡಕ್ಕೆ ಐ10 ಎಂದು ಬರೆದು ಮುಂದಕ್ಕೆ ಹೋಗುವನು. ಎರಡೂ ತಪ್ಪು. ಮಧುಮೇಹವೂ ಮೂತ್ರಪಿಂಡದ ರೋಗವೂ ಒಬ್ಬರಲ್ಲಿಯೇ ಇದ್ದರೆ, ಇವುಗಳಿಗೆ ಸಂಬಂಧವಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಬರೆದಿರದ ಹೊರತು, ಒಂದರಿಂದ ಇನ್ನೊಂದು ಬಂದಿತೆಂದೇ ಗ್ರಹಿಸತಕ್ಕದ್ದು ಎಂಬುದು ಗ್ರಂಥದ ನಿಯಮ. ರಕ್ತದೊತ್ತಡಕ್ಕೂ ಅದೇ ನ್ಯಾಯ. ಆದಕಾರಣ ಇಲ್ಲಿ ಬರತಕ್ಕ ಸಂಕೇತಗಳು ಇ11.22, ಐ12.9, ಹಂತವನ್ನು ತಿಳಿಸಲು ಎನ್18.31, ಮಾತ್ರೆಗೆ ಝಡ್79.84. ಇದೇ ಹೆಂಗಸಿಗೆ ಹೃದಯವೈಫಲ್ಯವೂ ಇದೆಯೆಂದು ಮತ್ತೊಂದು ಪುಟದಲ್ಲಿ ಒಂದು ಸಾಲು ಸಿಕ್ಕಿದರೆ ಐ12.9 ಬಿದ್ದುಹೋಗಿ ಅದರ ಸ್ಥಾನಕ್ಕೆ ಐ13.0 ಬರುತ್ತದೆ, ವೈಫಲ್ಯದ ಬಗೆಯನ್ನು ಹೇಳುವ ಇನ್ನೊಂದು ಸಂಕೇತವೂ ಅದರ ಜೊತೆಗೆ ಬರುತ್ತದೆ. ಆ ಒಂದು ಸಾಲನ್ನು ಕಾಣದೆ ಹೋದವಳ ಲೆಕ್ಕವೆಲ್ಲ ತಲೆಕೆಳಗು.

ಇನ್ನೂ ಸೂಕ್ಷ್ಮವಾದ ಸಂಗತಿ, ವೈದ್ಯನ ಸಂಶಯವನ್ನು ಹೇಗೆ ಓದಬೇಕೆಂಬುದು. ‘ಪ್ರಾಯಶಃ ನ್ಯುಮೋನಿಯಾ’ ಎಂದು ಹೊರರೋಗಿಯ ಚೀಟಿಯಲ್ಲಿ ಬರೆದಿದ್ದರೆ ನ್ಯುಮೋನಿಯಾಕ್ಕೆ ಸಂಕೇತ ಕೊಡಕೂಡದು. ಕಂಡ ಲಕ್ಷಣಗಳಾದ ಕೆಮ್ಮು, ಜ್ವರಗಳಿಗೆ ಮಾತ್ರ ಕೊಡಬೇಕು. ಅದೇ ಶಬ್ದವನ್ನು ಒಳರೋಗಿಯ ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದಿದ್ದರೆ, ಕೆಲವು ರೋಗಗಳನ್ನು ಹೊರತುಪಡಿಸಿ, ಆ ರೋಗ ಇದ್ದಂತೆಯೇ ಭಾವಿಸಿ ಸಂಕೇತ ಕೊಡಬೇಕು. ಮುಂಗೈ ಮೂಳೆ ಮುರಿದವನ ಸಂಕೇತದ ಏಳನೆಯ ಸ್ಥಾನದಲ್ಲಿ ಬರುವ ‘ಎ’ ಅಕ್ಷರವನ್ನು ಮೊದಲ ಭೇಟಿಯೆಂದು ಹೊಸಬರು ಅರ್ಥಮಾಡಿಕೊಳ್ಳುವುದುಂಟು. ಅದು ಚಿಕಿತ್ಸೆ ಸಕ್ರಿಯವಾಗಿ ನಡೆಯುತ್ತಿರುವವರೆಗೂ ಉಳಿಯತಕ್ಕ ಅಕ್ಷರ, ಮೂಳೆ ಕೂಡುತ್ತಿರುವ ಹಂತದ ಸಾಮಾನ್ಯ ಭೇಟಿಗಳಿಗೆ ‘ಡಿ’, ಹಳೆಯ ಗಾಯದ ಶೇಷಫಲಕ್ಕೆ ‘ಎಸ್’. ಈ ಗ್ರಂಥದಲ್ಲಿ ವಿನೋದಕ್ಕೂ ಕೊರತೆಯಿಲ್ಲ. ಬಾತುಕೋಳಿ ಕಚ್ಚಿದವನಿಗೆಂದೇ ಡಬ್ಲ್ಯೂ61.61 ಎಂಬ ಸಂಕೇತವಿದೆ. ಗಂಡನ ಅಥವಾ ಹೆಂಡತಿಯ ಮನೆಯವರೊಡನೆ ಉಂಟಾದ ವೈಮನಸ್ಯಕ್ಕೆ ಝಡ್63.1 ಎಂಬ ಒಂದೇ ಸಂಕೇತವನ್ನು ಕೊಟ್ಟು ಸುಮ್ಮನಾಗಿದ್ದಾರೆ. ನಮ್ಮ ಕಡೆಯವರು ಈ ಗ್ರಂಥವನ್ನು ರಚಿಸಿದ್ದರೆ ಆ ಅಧ್ಯಾಯಕ್ಕೆ ಇನ್ನೂ ನೂರಾರು ಉಪವಿಭಾಗಗಳು ಬರುತ್ತಿದ್ದವು.

ಇಷ್ಟೆಲ್ಲ ಓದಿದರೂ ಓದುವವಳಿಗೆ ರೋಗವನ್ನು ನಿರ್ಣಯಿಸುವ ಅಧಿಕಾರವಿಲ್ಲ ಎಂಬುದು ಈ ವೃತ್ತಿಯ ಅತ್ಯಂತ ಕಠಿಣವಾದ ಸಂಯಮ. ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿದೊಡನೆಯೇ ಇದು ರಕ್ತಹೀನತೆಯೆಂದು ಆಯುರ್ವೇದ ಪದವೀಧರನೋ ನರ್ಸಿಂಗ್ ಓದಿದವಳೋ ತತ್‌ಕ್ಷಣ ಗುರುತಿಸಬಲ್ಲರು. ಆದರೆ ಚಿಕಿತ್ಸಕನು ಆ ರೋಗದ ಹೆಸರನ್ನು ಬರೆದಿರದಿದ್ದರೆ ಸಂಕೇತವಿಲ್ಲ. ಹೆಚ್ಚೆಂದರೆ ವೈದ್ಯನಿಗೆ ಒಂದು ಪ್ರಶ್ನೆಯನ್ನು ಕಳುಹಿಸಬಹುದು, ಆ ಪ್ರಶ್ನೆಯೂ ಇಂಥದೇ ಉತ್ತರ ಬರಲೆಂದು ಪ್ರೇರೇಪಿಸುವಂತೆ ಇರಕೂಡದು. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂಬುದು ಇವರ ಮೊದಲ ಪಾಠ. ಇಲ್ಲದ ರೋಗವನ್ನು ಸೇರಿಸಿದರೆ ಅಥವಾ ಸಣ್ಣ ಚಿಕಿತ್ಸೆಯನ್ನು ದೊಡ್ಡದೆಂದು ತೋರಿಸಿದರೆ ಅದು ಕೈತಪ್ಪು ಮಾತ್ರವಾಗಿ ಉಳಿಯುವುದಿಲ್ಲ. ತಿಳಿದೇ ಸಲ್ಲಿಸಿದ ಸುಳ್ಳು ಬಿಲ್ಲುಗಳ ಮೇಲೆ ಅಮೆರಿಕದ ಸರ್ಕಾರ ಇಂದಿಗೂ ಪ್ರಯೋಗಿಸುವ ಕಾಯಿದೆ, ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸರಬರಾಜು ಮಾಡುತ್ತಿದ್ದ ಗುತ್ತಿಗೆದಾರರ ವಂಚನೆಯನ್ನು ತಡೆಯಲು 1863ರಲ್ಲಿ ಮಾಡಿದ್ದು.

ಈ ಕೆಲಸ ಭಾರತಕ್ಕೆ ಬಂದಾಗ ಅದು ನೆಲಸಿದ್ದು ಚೆನ್ನೈ, ಹೈದರಾಬಾದ್, ಬೆಂಗಳೂರುಗಳಂಥ ಮಹಾನಗರಗಳಲ್ಲಿ. ಅಲ್ಲಿಯ ಕಚೇರಿಗಳಲ್ಲಿ ಕೋಡರುಗಳು ಕುಳಿತುಕೊಳ್ಳುವ ಅಂತಸ್ತಿಗೆ ಮೊಬೈಲು, ಕಾಗದ, ಪೆನ್ನುಗಳನ್ನು ಒಯ್ಯಬಾರದೆಂಬ ಕಟ್ಟುಪಾಡು ಸರ್ವಸಾಧಾರಣ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದು ವಿಧಿಸುವ, ಹಿಪಾ ಎಂದು ಕರೆಯಲ್ಪಡುವ ಅಮೆರಿಕದ 1996ರ ಕಾಯಿದೆ ಇದಕ್ಕೆ ಕಾರಣ. ಇಂಥ ಕೆಲಸವನ್ನು ಮನೆಗೆ ಒಯ್ಯಬಹುದೆಂದು ಯಾರೂ ಸುಲಭವಾಗಿ ಒಪ್ಪುತ್ತಿರಲಿಲ್ಲ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಾಗ ಒಪ್ಪಲೇಬೇಕಾಯಿತು. ಬಾಡಿಗೆ ಕೋಣೆಗಳನ್ನು ಬಿಟ್ಟು ಬಸ್ಸು ಹತ್ತಿ ಬಂದ ತರುಣ ತರುಣಿಯರ ಹಿಂದೆಯೇ ಕಚೇರಿಯ ಗಣಕಗಳೂ ಊರೂರಿಗೆ ಬಂದವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಹೊರಗುತ್ತಿಗೆಯ ಸೇವಾಸಂಸ್ಥೆಗಳ ಮೇಲಿದ್ದ ನಿಯಮಗಳನ್ನು ಸಡಿಲಿಸಿ, ಮನೆಯಿಂದ ದುಡಿಯುವುದನ್ನು ಸರಾಗಗೊಳಿಸಿತು. ಪಿಡುಗು ಕಳೆದ ಮೇಲೆ ಅನೇಕ ಸಂಸ್ಥೆಗಳು ತಮ್ಮವರನ್ನು ಕಚೇರಿಗೆ ಮರಳಿ ಕರೆದವು. ಆದರೂ ಅನುಭವಿಗಳ ಒಂದು ವರ್ಗಕ್ಕೆ ಮನೆಯೇ ಕಚೇರಿಯಾಗಿ ನಿಂತಿದೆ.

ಕಚೇರಿ ಮನೆಗೆ ಬಂದಾಗ ಮನೆಯ ಗತಿಯೇನು? ಗುಟ್ಟಿನ ನಿಯಮಗಳು ಮಹಡಿಯ ಕೋಣೆಗೂ ಅನ್ವಯಿಸುತ್ತವೆ. ಪರದೆ ಕಿಟಕಿಯ ಕಡೆಗೆ ತಿರುಗಿರಕೂಡದು, ಗಂಡನಾಗಲಿ ತಂಗಿಯಾಗಲಿ ಬೆನ್ನ ಹಿಂದೆ ನಿಂತು ನೋಡಕೂಡದು, ಚೀಟಿಯಲ್ಲಿ ರೋಗಿಯ ಹೆಸರನ್ನು ಗುರುತುಹಾಕಿಕೊಳ್ಳಕೂಡದು. ಕಡತವು ನಿಜವಾಗಿ ಆ ಗಣಕದಲ್ಲಿ ಇರುವುದೇ ಇಲ್ಲ. ದೂರದ ಸರ್ವರಿನಲ್ಲಿರುವುದರ ಬಿಂಬ ಮಾತ್ರ ಇಲ್ಲಿ ಕಾಣುತ್ತದೆ, ಅದನ್ನು ಮುದ್ರಿಸಲೂ ನಕಲು ಮಾಡಲೂ ಸಾಧ್ಯವಾಗದಂತೆ ಬಂಧಿಸಿರುತ್ತಾರೆ. ಆದುದರಿಂದ ತಂತಿಯ ಸಂಪರ್ಕ ಕಡಿಯಿತೆಂದರೆ ಕೈಯಲ್ಲಿ ಕೆಲಸವೇ ಇಲ್ಲ. ಬೆಸ್ಕಾಂನವರು ದುರಸ್ತಿಗೆಂದು ಲೈನ್ ತೆಗೆದರೆ ಯುಪಿಎಸ್ ಬೇಕು, ಫೈಬರ್ ಕೇಬಲ್ಲು ತುಂಡಾದರೆ ಎರಡನೆಯ ಸಂಪರ್ಕ ಬೇಕು. ಚೈತ್ರ ವೈಶಾಖಗಳಲ್ಲಿ ಈ ಊರಿನ ತಾರಸಿಯ ಕೆಳಗೆ ಮಧ್ಯಾಹ್ನದ ಹೊತ್ತು ಕಳೆದವರಿಗೆ ಗೊತ್ತು, ಫ್ಯಾನೊಂದು ಸಾಲದು. ಈ ಖರ್ಚುಗಳಲ್ಲಿ ಎಷ್ಟನ್ನು ಸಂಸ್ಥೆ ಭರಿಸುತ್ತದೆ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ವಿವೇಕ.

ರಾತ್ರಿಯಿಡೀ ಎಚ್ಚರವಿರಬೇಕಾಗುತ್ತದೆ ಎಂಬ ಭಯ ಮಾತ್ರ ಬಹುಮಟ್ಟಿಗೆ ನಿರಾಧಾರ. ಬಾಕಿಹಣಕ್ಕಾಗಿ ಅಮೆರಿಕದ ವಿಮಾ ಸಂಸ್ಥೆಗಳಿಗೆ ಫೋನು ಮಾಡುವ ‘ಎ.ಆರ್. ಕಾಲಿಂಗ್’ ಕೆಲಸದವರಿಗೆ ರಾತ್ರಿಪಾಳಿ ಅನಿವಾರ್ಯ. ಕೋಡರು ಯಾರೊಡನೆಯೂ ಮಾತನಾಡಬೇಕಾಗಿಲ್ಲವಾದ್ದರಿಂದ ಹಗಲಿನಲ್ಲಿಯೇ ದುಡಿಯಬಹುದು. ಆದರೆ ಹಗಲು ತನ್ನದಾದರೂ ಗಳಿಗೆ ತನ್ನದಲ್ಲ. ಗಂಟೆಗೆ ಇಷ್ಟು ಚಾರ್ಟುಗಳು, ಅಂದರೆ ಕಡತಗಳು, ಎಂಬ ಟಾರ್ಗೆಟ್ಟು, ಅವುಗಳಲ್ಲಿ ಸಾಮಾನ್ಯವಾಗಿ ಶೇಕಡಾ 95ಕ್ಕಿಂತ ಕಡಿಮೆಯಾಗಬಾರದ ಕ್ವಾಲಿಟಿ. ಎಕ್ಸ್‌ರೇ ವರದಿ ಒಂದೆರಡು ನಿಮಿಷದಲ್ಲಿ ಮುಗಿದರೆ, ಹದಿನೈದು ದಿನ ಮಲಗಿದ್ದ ಒಳರೋಗಿಯ ಕಡತ ನೂರಾರು ಪುಟಗಳಷ್ಟಿದ್ದು ಗಂಟೆಗೂ ಮೀರಿ ಹಿಡಿದು ಕೂರಿಸುತ್ತದೆ. ಹೀಗಾಗಿ ವಿಭಾಗಕ್ಕೆ ತಕ್ಕಂತೆ ಟಾರ್ಗೆಟ್ಟೂ ಬೇರೆ. ಮಾಡಿದ ಕೆಲಸದಲ್ಲಿ ಕೆಲವನ್ನು ಆರಿಸಿ ಆಡಿಟರು ಪರೀಕ್ಷಿಸುತ್ತಾನೆ. ಅವನು ಎರರ್ ಎಂದು ಗುರುತಿಸಿದ್ದನ್ನು ಒಪ್ಪದವಳು ನಿಯಮದ ಆಧಾರವನ್ನು ತೋರಿಸಿ ‘ರಿಬಟಲ್’ ಸಲ್ಲಿಸಬಹುದು. ಈ ವಾದ ಪ್ರತಿವಾದಗಳಲ್ಲಿ ಗೆದ್ದವಳ ಮುಖದ ತೃಪ್ತಿ ಸಂಬಳದ ದಿನದ ತೃಪ್ತಿಗಿಂತ ಕಡಿಮೆಯದಲ್ಲವೆಂದು ಈ ವೃತ್ತಿಯವರು ಹೇಳಿದರೆ ನಾನು ನಂಬುತ್ತೇನೆ.

ಉತ್ಪತ್ತಿಯ ಲೆಕ್ಕಕ್ಕೆ ಈ ಊರು ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯಿಸಿಕೊಂಡ ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿಯೂ, ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿಯೂ ಎರಡು ಮೂರು ತಲೆಮಾರುಗಳು ಪಾಳಿಯ ಲೆಕ್ಕದಲ್ಲಿ ಬಾಳಿದವು. ಅವು ಮುಚ್ಚಿದಾಗ ಮನೆಮನೆಯ ಒಲೆಗೆ ತಟ್ಟಿದ ಬಿಸಿಯೂ ಇಲ್ಲಿಯ ಜನಕ್ಕೆ ನೆನಪಿದೆ. ಆ ಕಾರ್ಮಿಕನಿಗಿದ್ದ ಒಂದು ಅನುಕೂಲ ಇಂದಿನ ಕೋಡರಿಗೆ ಇಲ್ಲ: ಪಾಳಿ ಮುಗಿದೊಡನೆ ಅವನು ಗೇಟಿನಿಂದ ಹೊರಕ್ಕೆ ಬರುತ್ತಿದ್ದನು, ಪಕ್ಕದಲ್ಲಿ ನಡೆಯಲು ಜೊತೆಗಾರರಿದ್ದರು, ಬೇಡಿಕೆಯಿದ್ದರೆ ಸಂಘವಿತ್ತು. ಮಹಡಿಯ ಕೋಣೆಯವಳಿಗೆ ಗೇಟಿಲ್ಲ. ಬಾಗಿಲು ತೆರೆದರೆ ಅಡಿಗೆಮನೆ. ಮನೆಯಲ್ಲಿಯೇ ಇದ್ದಾಳೆಂಬ ಕಾರಣಕ್ಕೆ ಹಾಲಿನವನಿಗೆ ಉತ್ತರಿಸುವುದು, ಗ್ಯಾಸ್ ಸಿಲಿಂಡರು ಇಳಿಸಿಕೊಳ್ಳುವುದು, ಬಂದ ನೆಂಟರಿಗೆ ಕಾಫಿ ಮಾಡುವುದು ಅವಳ ಪಾಲಿಗೇ ಬರುತ್ತವೆ. ಮಗ ಇದೇ ಕೆಲಸವನ್ನು ಮಾಡುತ್ತಿದ್ದರೆ “ಅವ್ನು ಡ್ಯೂಟಿನಾಗೆ ಅದಾನೆ, ಗದ್ದಲ ಮಾಡಬ್ಯಾಡ್ರಿ” ಎಂದು ಅದೇ ಮನೆಯವರು ಹೇಳುತ್ತಾರೆ. ಮನೆಯಿಂದ ದುಡಿಯುವುದು ಹೆಂಗಸರಿಗೆ ವರದಾನವೆಂದು ಹೊಗಳುವವರು ಈ ಭೇದವನ್ನು ಕುರಿತು ಒಂದು ಮಾತನ್ನೂ ಆಡದಿರುವುದು ನನಗೆ ಸರಿಕಾಣದು. ಅದಿರಲಿ, ಮದುವೆಯಾಗಿ, ಮಗುವಾಗಿ, ಆಸ್ಪತ್ರೆಯ ಪಾಳಿಗೆ ಹೋಗಲಾರದೆ ಪದವಿಯ ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟ ದಾದಿಯೊಬ್ಬಳು ತಾನು ಕಲಿತ ಶರೀರಶಾಸ್ತ್ರವನ್ನು ಮತ್ತೆ ಉಪಯೋಗಿಸಿ ಸಂಪಾದಿಸುವಂತಾದರೆ, ಆ ಲಾಭವನ್ನು ಅಲ್ಲಗಳೆಯುವುದೂ ಅನ್ಯಾಯವೇ.

ಈ ವೃತ್ತಿಗೆ ಯಾರು ಅರ್ಹರು? ಸಂಸ್ಥೆಗಳು ಸಾಮಾನ್ಯವಾಗಿ ಜೀವವಿಜ್ಞಾನ, ಶುಶ್ರೂಷೆ, ಔಷಧಶಾಸ್ತ್ರ, ಫಿಸಿಯೋಥೆರಪಿ, ದಂತವೈದ್ಯ, ಆಯುರ್ವೇದಾದಿ ಪದವಿಯವರನ್ನು ಬಯಸುತ್ತವೆ. 1988ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಎಎಪಿಸಿ ನಡೆಸುವ ಸಿಪಿಸಿ ಪರೀಕ್ಷೆ ಇಲ್ಲಿಯೂ ಮಾನ್ಯ: 100 ಪ್ರಶ್ನೆ, 4 ಗಂಟೆ, ಉತ್ತೀರ್ಣತೆಗೆ ಶೇಕಡಾ 70. ಸಂಕೇತಗ್ರಂಥಗಳನ್ನು ತೆರೆದಿಟ್ಟುಕೊಂಡೇ ಬರೆಯತಕ್ಕ ಪರೀಕ್ಷೆಯಾದರೂ, ಗ್ರಂಥದಲ್ಲಿ ಎಲ್ಲಿ ಹುಡುಕಬೇಕೆಂದು ಬಲ್ಲವನಿಗಲ್ಲದೆ ಆ ತೆರೆದ ಪುಸ್ತಕದಿಂದ ಪ್ರಯೋಜನವಿಲ್ಲ. ಅನುಭವವಿಲ್ಲದೆ ತೇರ್ಗಡೆಯಾದವರ ಬಿರುದಿನ ಕೊನೆಗೆ ಅಪ್ರೆಂಟಿಸ್ ಎಂದು ಸೂಚಿಸುವ ಒಂದು ‘ಎ’ ಅಂಟಿಕೊಂಡಿರುತ್ತದೆ. ಕಲಿಕೆ ಅಲ್ಲಿಗೆ ಮುಗಿಯುವುದೂ ಇಲ್ಲ. ರೋಗಸಂಕೇತಗಳು ಪ್ರತಿ ಅಕ್ಟೋಬರ್ 1ಕ್ಕೂ ಚಿಕಿತ್ಸಾಸಂಕೇತಗಳು ಪ್ರತಿ ಜನವರಿ 1ಕ್ಕೂ ಬದಲಾಗುತ್ತವೆ. 2021ರ ಜನವರಿಯಲ್ಲಿ ವೈದ್ಯನ ಸಾಮಾನ್ಯ ಭೇಟಿಯ ದರ್ಜೆಯನ್ನು ಅಳೆಯುವ ಮಾನದಂಡವೇ ಬದಲಾಯಿತು. ಈಗ ಎಕ್ಸ್‌ರೇಯಂಥ ಸರಳ ವರದಿಗಳನ್ನು ಓದಿ ಸಂಕೇತ ಸೂಚಿಸುವ ತಂತ್ರಾಂಶಗಳೂ ಬಂದಿವೆ. ಯಂತ್ರ ಸೂಚಿಸಿದ್ದನ್ನು ಒಪ್ಪುವ ಅಥವಾ ತಿದ್ದುವ ಪರೀಕ್ಷಕನ ಕಡೆಗೆ ಈ ವೃತ್ತಿ ಸರಿಯುತ್ತಿರುವುದರಿಂದ, ಸುಲಭದ ವಿಭಾಗವನ್ನೇ ನಂಬಿ ಕುಳಿತವರಿಗಿಂತ ಶಸ್ತ್ರಚಿಕಿತ್ಸೆ, ಒಳರೋಗಿಗಳ ಕಡತಗಳಂಥ ಕಠಿಣ ವಿಭಾಗಗಳನ್ನು ಕಲಿತವರು ಬಹುಕಾಲ ಬಾಳಿಯಾರು.

ಈ ವಿದ್ಯೆ ಪರದೇಶದ ಬಿಲ್ಲುಗಳಿಗೆ ಮಾತ್ರ ಮೀಸಲಾಗಬೇಕಾಗಿಲ್ಲ. ನಮ್ಮ ಬೋಧನಾಸ್ಪತ್ರೆಗಳ ವೈದ್ಯಕೀಯ ದಾಖಲೆ ವಿಭಾಗಗಳಲ್ಲಿ ರೋಗಗಳನ್ನು ಐಸಿಡಿ ಪ್ರಕಾರವೇ ವರ್ಗೀಕರಿಸಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ಮರಣಕಾರಣದ ಪ್ರಮಾಣಪತ್ರವನ್ನು ಬರೆಯುವಾಗಲೂ ಅದೇ ಶಿಸ್ತು ಬೇಕು. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಆಸ್ಪತ್ರೆಗಳಿಗೆ ಹಣ ಕೊಡುವುದೂ ಸಂಕೇತವುಳ್ಳ ಪ್ಯಾಕೇಜುಗಳ ಮೂಲಕವೇ. 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿಯ ಹನ್ನೊಂದನೆಯ ಪರಿಷ್ಕರಣಕ್ಕೆ ಆಯುರ್ವೇದ, ಸಿದ್ಧ, ಯುನಾನಿಗಳ ರೋಗನಾಮಗಳ ವಿಭಾಗವೊಂದು ಸೇರಿ, 2024ರ ಜನವರಿ 10ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ದೂರದ ರೋಗಿಯ ಮೂತ್ರಪಿಂಡದ ಹಂತವನ್ನು ಇಷ್ಟು ನಿಷ್ಠೆಯಿಂದ ಬರೆಯಬಲ್ಲವರು, ಈ ಊರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ವಾರ್ಡುಗಳಿಗೆ ಬರುವ ರೋಗಿಗಳ ಲೆಕ್ಕವನ್ನೂ ಅಷ್ಟೇ ನಿಷ್ಠೆಯಿಂದ ಬರೆಯುವಂತಾದರೆ ಈ ಜಿಲ್ಲೆಗೆ ತನ್ನ ರೋಗಗಳ ಸತ್ಯವಾದ ಚಿತ್ರ ದೊರೆಯುತ್ತದೆ. ಅದಕ್ಕೆ ತಕ್ಕ ಸಂಬಳ ಕೊಡುವ ಮನಸ್ಸು ನಮ್ಮ ಆಡಳಿತಗಳಿಗೆ ಬರಬೇಕಷ್ಟೆ.

ಕೊನೆಯದಾಗಿ, ಈ ಕೆಲಸದ ಆಸೆಯುಳ್ಳ ಓದುಗರಿಗೆ ಒಂದೆರಡು ಮಾತು. ಪದವಿ ಬೇಡ, ತರಬೇತಿ ಬೇಡ, ನಾಳೆಯಿಂದಲೇ ಮನೆಯಲ್ಲಿ ಕೋಡಿಂಗ್, ಮೊದಲು ಇಷ್ಟು ಠೇವಣಿ ಕಟ್ಟಿರಿ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಬೇಡಿರಿ. ಹೊಸಬರಿಗೆ ಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಕಚೇರಿಯಲ್ಲಿಯೇ ತರಬೇತಿ ಕೊಡುತ್ತವೆ; ಮನೆ ಎಂಬುದು ಅನುಭವದ ಅನಂತರ ಬರುವ ಸೌಕರ್ಯ. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಇನ್ನು ಕೋಚಿಂಗಿನ ಶುಲ್ಕ ಕಟ್ಟುವುದಕ್ಕೆ ಮುಂಚೆ, ಐಸಿಡಿ ಸಂಕೇತಗಳನ್ನು ಬಳಸುವ ಅಧಿಕೃತ ನಿಯಮಾವಳಿಯನ್ನು ಅಮೆರಿಕದ ಸರ್ಕಾರವೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಅದನ್ನು ಇಳಿಸಿಕೊಂಡು ಮೊದಲ ಇಪ್ಪತ್ತು ಪುಟಗಳನ್ನು ಶಾಂತವಾಗಿ ಓದಿರಿ. ಬೇಸರ ಬರದೆ ಇಪ್ಪತ್ತೊಂದನೆಯ ಪುಟಕ್ಕೆ ಕೈ ತಾನಾಗಿ ಹೋದರೆ ಶುಲ್ಕ ಕಟ್ಟಬಹುದು.